ಯಾರದೂ ಅಲ್ಲದ ಹನ್ನೊಂದು ಹೆಕ್ಟೇರು

ತಮ್ಮದಲ್ಲದ ಜಾಗವನ್ನು ತಮ್ಮದೆಂದು ಬರೆದವರನ್ನು ನಿಶ್ಚಿತಾ ಬೇಕಾದಷ್ಟು ಕಂಡಿದ್ದಳು. ಕೇಳಿದರೆ ಸಿಗಬಹುದಾದ ಜಾಗವನ್ನು ‘ಇದು ನಮ್ಮದಲ್ಲ’ ಎಂದು ಬರೆದುಕೊಟ್ಟವರನ್ನು ಕಂಡದ್ದು ಆ ಸೋಮವಾರವೇ ಮೊದಲು. ವಡೋದರಾದ ಕಚೇರಿಯಲ್ಲಿ ಇನ್ನೂ ಚೀಲ ಕೆಳಗಿಟ್ಟಿರಲಿಲ್ಲ, ಆಗಲೇ ಅವಳ ಮೂಗಿಗೆ ವಾಸನೆ ಹೊಡೆಯಿತು.

ಅವಳ ಕೆಲಸವೇ ಅನುಮಾನದ ಕೆಲಸ. ದಕ್ಷಿಣ ಗುಜರಾತಿನ ಗುಡ್ಡಗಳ ಆದಿವಾಸಿ ಊರುಗಳು, ತಾವು ತಲೆತಲಾಂತರದಿಂದ ಕಾಯ್ದುಕೊಂಡು ಬಂದ ಕಾಡಿನ ಮೇಲೆ ಊರಿನ ಹಕ್ಕು ಕೇಳಿ ಸರಕಾರಕ್ಕೆ ಅರ್ಜಿ ಕೊಡುತ್ತವೆ. ಊರವರೇ ಫೋನು ಹಿಡಿದು ಗಡಿಯುದ್ದಕ್ಕೂ ನಡೆಯುತ್ತಾರೆ. ನಡೆದ ದಾರಿ ಗೆರೆಯಾಗಿ ಮೂಡುತ್ತದೆ. ಆ ಗೆರೆಯನ್ನು ಉಪಗ್ರಹದ ಚಿತ್ರದ ಮೇಲಿಟ್ಟು, ಹೊಂದುತ್ತದೋ ಇಲ್ಲವೋ ನೋಡಿ ವರದಿ ಬರೆಯುವ ಕಂಪನಿಯಲ್ಲಿ ಅವಳು ನೌಕರಿಗಿದ್ದಳು. ಮುಖ್ಯ ಕಚೇರಿ ಅಹಮದಾಬಾದಿನ ಬೋಡಕ್‌ದೇವ್‌ನಲ್ಲಿ, ಗಾಜು, ಲಿಫ್ಟು ಎಲ್ಲ ಇರುವ ಕಟ್ಟಡದಲ್ಲಿ. ವಡೋದರಾದ ಪಾಲಿಗೆ ಬಂದದ್ದು ನಾಲ್ಕು ಕಂಪ್ಯೂಟರು ಮತ್ತು ಗೊರಗೊರ ಅನ್ನುವ ಒಂದು ಕೂಲರು. ಮೊಸರಲ್ಲಿ ಕಲ್ಲು ಹುಡುಕುವುದು ನಿಶ್ಚಿತಾಳಿಗೆ ಹುಟ್ಟುಗುಣ. ಅದಕ್ಕೆ ಸಂಬಳವೂ ಸಿಗುತ್ತದೆಂದು ಗೊತ್ತಾದದ್ದು ಮಾತ್ರ ಇಲ್ಲಿಗೆ ಬಂದ ಮೇಲೆ.

ಅರ್ಜಿ ಆಂಬಾಝರ್ ಎಂಬ ಊರಿನದು. ಜೊತೆಗೆ ಡ್ರಾಯಿಂಗ್ ಹಾಳೆಯ ಮೇಲೆ ಊರವರೇ ಬಿಡಿಸಿದ ನಕ್ಷೆಯ ಫೋಟೋ ಇತ್ತು. ಹಳ್ಳಕ್ಕೆ ನೀಲಿ ಬಣ್ಣ, ದನ ಮೇಯುವ ಬಯಲಿಗೆ ಹಳದಿ, ಹಿಪ್ಪೆ ಹೂ ಆರಿಸುವ ಮರಗಳಿಗೆ ಒಂದೊಂದು ಚುಕ್ಕೆ, ಸತ್ತವರ ನೆನಪಿಗೆ ನೆಟ್ಟ ಕಲ್ಲುಗಳಿಗೂ ಒಂದೊಂದು ಗೀಟು. ಒಂದು ಹುತ್ತವನ್ನೂ ಬಿಡದೆ ಗುರುತಿಸಿದ್ದ ಆ ಜನ, ನಕ್ಷೆಯ ನಟ್ಟನಡುವೆ ಮೊಟ್ಟೆಯಾಕಾರದ ಒಂದು ಜಾಗವನ್ನು ಖಾಲಿ ಬಿಟ್ಟು, ಅದರೊಳಗೆ ಗುಜರಾತಿಯಲ್ಲಿ ‘ಇದು ನಮ್ಮದಲ್ಲ’ ಎಂದು ಬರೆದಿದ್ದರು. ಅಳೆದರೆ ಹನ್ನೊಂದು ಹೆಕ್ಟೇರು. ಫೋನಿನ ಗೆರೆಗಳೂ ಹಾಗೇ, ನಾಲ್ಕೂ ಕಡೆಯಿಂದ ಅಲ್ಲಿಯವರೆಗೆ ಬಂದು, ಒಳಗೆ ಕಾಲಿಡದೆ ಹಿಂದಕ್ಕೆ ತಿರುಗಿದ್ದವು. ಉಪಗ್ರಹದ ಚಿತ್ರದಲ್ಲೋ, ಇಡೀ ಕಾಡಿನಲ್ಲಿ ಎಲ್ಲಕ್ಕಿಂತ ದಟ್ಟ ಹಸಿರು ಇದ್ದದ್ದು ಅಲ್ಲೇ.

ಗಾಂಜಾ ಬೆಳೆಯುತ್ತಾರೆಯೇ? ಕದ್ದು ಕಡಿದ ತೇಗ ಪೇರಿಸಿಟ್ಟಿದ್ದಾರೆಯೇ? ಅಲ್ಲಿ ಏನಿದೆ ಎನ್ನುವುದಕ್ಕಿಂತ, ಯಾಕೆ ಮುಚ್ಚಿಡುತ್ತಿದ್ದಾರೆ ಎನ್ನುವುದು ಅವಳನ್ನು ಕೊರೆಯಿತು. ಅದೇ ಜಾಗದ ಅಕ್ಷಾಂಶ ರೇಖಾಂಶವನ್ನು ಕಂಪನಿಯ ಹಳೆಯ ಕಡತಗಳಲ್ಲಿ ಹುಡುಕಿದಳು. ಮೂರು ತಿಂಗಳ ಹಿಂದಿನ ಇನ್ನೊಂದು ಕಡತ ಸಿಕ್ಕಿತು. ಯಾವುದೋ ಹೋಟೆಲ್ ಕಂಪನಿಗೆ ಮಾಡಿಕೊಟ್ಟ ‘ಅರಣ್ಯ ವಾಸ’ ಯೋಜನೆ: ಇಪ್ಪತ್ತನಾಲ್ಕು ಗುಡಿಸಲು, ಒಂದು ಈಜುಕೊಳ, ಗುಡ್ಡ ಹತ್ತಲು ಮರದ ಮೆಟ್ಟಿಲು. ಎಲ್ಲವೂ ಆ ಮೊಟ್ಟೆಯೊಳಗೆ. ಕೆಳಗೆ ಒಂದು ಸಾಲಿನ ಟಿಪ್ಪಣಿ, ‘ಯಾರ ಹಕ್ಕಿನ ಕೋರಿಕೆಯೂ ಇಲ್ಲದ ಜಾಗ.’ ಊರವರು ಗಡಿ ನಡೆದದ್ದು ಅದಕ್ಕೂ ಎರಡು ತಿಂಗಳು ಮೊದಲು.

ಅಂದರೆ ಯಾರೋ ಕೈ ಬೆಚ್ಚಗೆ ಮಾಡಿದ್ದಾರೆ, ಯಾರೋ ಬಿಟ್ಟುಕೊಟ್ಟಿದ್ದಾರೆ. ಅವಳು ಫೋನಿನ ಗೆರೆಗಳ ಕೆಳಗಿನ ಹೆಸರು ನೋಡಿದಳು. ನಡೆದವರು: ಮನೋಜ್ ವಸಾವಾ. ವಿಳಾಸ ಊರಿನದಲ್ಲ, ಸೂರತ್ತಿನ ಕತಾರ್‌ಗಾಮ್‌ನದು. ಊರು ಬಿಟ್ಟು ಪೇಟೆ ಸೇರಿದವನೇ ಊರನ್ನು ಮಾರಿದ್ದಾನೆ ಎಂದು ಅವಳ ಮನಸ್ಸು ಆ ಕ್ಷಣವೇ ತೀರ್ಪು ಕೊಟ್ಟಿತು.

ಬೋಡಕ್‌ದೇವ್‌ಗೆ ಫೋನು ಮಾಡಿದಳು. ಅಲ್ಲಿನ ಮೇಲಧಿಕಾರಿ ಸುಧೀರ್ ಧಾರವಾಡದ ಕಡೆಯವನು, ಮಾತಿನಲ್ಲಿ ಬೆಣ್ಣೆ.

“ಅಲ್ರೀ ನಿಶ್ಚಿತಾ, ಅವರ ನಮ್ಮದಲ್ಲ ಅಂತ ಬರಕೊಟ್ಟಾರಂದ್ರ ನೀವ್ಯಾಕ ತಲಿ ಕೆಡಿಸ್ಕೋತೀರಿ? ಅಷ್ಟು ಬಿಟ್ಟು ಉಳದದ್ದು ಸರಿ ಐತಿ ಅಂತ ಬರೀರಿ. ಶನಿವಾರ ಪ್ರಾಂತ ಅಧಿಕಾರಿ ಮುಂದ ಮೀಟಿಂಗ್ ಐತಿ, ಶುಕ್ರವಾರ ಸಂಜಿಯೊಳಗ ವರದಿ ಹೋಗಬೇಕು.”

“ಆ ಹೋಟೆಲ್ ಪ್ಲಾನ್ ನಮ್ಮಲ್ಲೇ ಆಗಿದ್ದಾ ಸರ್?”

“ಅದು ಬ್ಯಾರೆ ಟೀಮು,” ಅಂದ ಸುಧೀರ್. “ನಿಮ್ಮ ಕೆಲಸ ನೀವು ಮಾಡ್ರಿ.”

ನಿಶ್ಚಿತಾಳಿಗೆ ಇಷ್ಟು ಸಾಕಿತ್ತು. ಶನಿವಾರ ಹಕ್ಕು ಮಂಜೂರು ಮಾಡುವ ಪ್ರಾಂತ ಅಧಿಕಾರಿಯ ಮುಂದೆ ಆ ಮೊಟ್ಟೆಯನ್ನು ಹೊರಗಿಟ್ಟು ಅರ್ಜಿ ಒಪ್ಪಿಗೆಯಾದರೆ ಹನ್ನೊಂದು ಹೆಕ್ಟೇರು ಯಾರದೂ ಅಲ್ಲವಾಗುತ್ತದೆ. ಯಾರದೂ ಅಲ್ಲದ್ದು ಎಷ್ಟು ಬೇಗ ಯಾರದೋ ಆಗುತ್ತದೆಂಬುದು ಅವಳಿಗೆ ಸ್ವಂತ ಮನೆಯಲ್ಲೇ ನೋಡಿ ಗೊತ್ತಿತ್ತು.

ಮಧ್ಯಾಹ್ನ ಊಟಕ್ಕೆ ಹೋದಾಗಲೂ ಅದೇ ಯೋಚನೆ. ಅವಳ ಊಟ ಚಿಕ್ಕಪ್ಪ ಗಣಪತಿಯ ಹೋಟೆಲಿನಲ್ಲಿ. ಇಪ್ಪತ್ತು ವರ್ಷದಿಂದ ವಡೋದರಾದವರಿಗೆ ಇಡ್ಲಿ ತಿನ್ನಿಸುತ್ತಿದ್ದ ಗಣಪತಿ, ಕುಂದಾಪುರದ ಕಡೆಯ ಮಾತನ್ನು ಮಾತ್ರ ಬಿಟ್ಟಿರಲಿಲ್ಲ.

“ಎಂತ ಹೆಣೆ, ಸಾರ್ ಆರಿ ಹೋಯ್ತ್. ಯಾರನ್ ಹಿಡೂಕ್ ಹೊರಟದ್ದ್ ಇವತ್ತ್?”

“ಕಳ್ಳನ್ನ,” ಅಂದಳು ನಿಶ್ಚಿತಾ, ಅವನ ಮುಖ ನೋಡದೆ.

ಅವನ ಅನ್ನ ಉಣ್ಣುವಾಗ ಅವಳು ಮುಖ ನೋಡುತ್ತಿದ್ದದ್ದೇ ಕಡಿಮೆ. ಅವಳಿಗೆ ಹದಿನಾಲ್ಕಾಗಿದ್ದಾಗ ಮನೆಯಲ್ಲಿ ಪಾಲಾಯಿತು. ಅಣ್ಣತಮ್ಮಂದಿರ ಪಾಲುಪಟ್ಟಿ ಬರೆದವನು ಗಣಪತಿ. ಗದ್ದೆ, ತೆಂಗು, ಬಾವಿಯ ಸರದಿ ಎಲ್ಲ ಬರೆದ ಅವನು ಮನೆಯ ಹಿಂದಿದ್ದ ನಾಗಬನವನ್ನು ಮಾತ್ರ ಯಾರ ಪಾಲಿಗೂ ಬರೆಯಲಿಲ್ಲ. ಅದು ಅಜ್ಜನ ಹೆಸರಿನಲ್ಲೇ ಉಳಿಯಿತು. ಮೂರು ವರ್ಷ ಕಳೆದ ಮೇಲೆ ದಾಯಾದಿಯೊಬ್ಬ ಹೇಗೋ ತನ್ನ ಹೆಸರಿಗೆ ಮಾಡಿಸಿಕೊಂಡು ಮಾರಿದ. ಅದೇ ವರ್ಷ ಗಣಪತಿ ವಡೋದರಾದ ಹೋಟೆಲನ್ನು ದೊಡ್ಡದು ಮಾಡಿದ. ಒಳಗೊಳಗೇ ಕೈ ಸೇರಿಸಿದ್ದಾನೆ ಎಂದು ಅವಳ ಅಪ್ಪ ನಂಬಿದರು. ಅವತ್ತಿನಿಂದ ಇವತ್ತಿನವರೆಗೆ ತಮ್ಮನೊಡನೆ ಮಾತಿಲ್ಲ. ಅಪ್ಪ ನಂಬಿದ್ದನ್ನು ಮಗಳೂ ನಂಬಿದ್ದಳು, ಆದರೆ ಊರಲ್ಲದ ಊರಿನಲ್ಲಿ ಸಾರು ಅನ್ನದ ಮುಂದೆ ಆ ಸಿಟ್ಟನ್ನು ಪೂರ್ತಿ ಉಳಿಸಿಕೊಳ್ಳುವುದು ಯಾರಿಗಾದರೂ ಕಷ್ಟ.

ಮಂಗಳವಾರ ಬೆಳಗಿನ ರೈಲಿಗೆ ಸೂರತ್ತಿಗೆ ಹೋದಳು. ಕತಾರ್‌ಗಾಮ್‌ನ ಒಂದು ಓಣಿಯಲ್ಲಿ ವಜ್ರ ಉಜ್ಜುವ ಮಳಿಗೆಗಳ ಹಿಂದೆ ಕಸೂತಿ ಯಂತ್ರಗಳ ಕಾರ್ಖಾನೆ. ಒಂದೇ ಯಂತ್ರದಲ್ಲಿ ಇಪ್ಪತ್ತು ಸೂಜಿ, ಇಪ್ಪತ್ತೂ ಒಟ್ಟಿಗೇ ಒಂದೇ ನವಿಲನ್ನು ಹೊಲಿಯುತ್ತಿದ್ದವು. ಚಹದ ಬಿಡುವಿನಲ್ಲಿ ಹೊರಗೆ ಬಂದ ಮನೋಜ್ ವಸಾವಾನಿಗೆ ಮೂವತ್ತರ ಆಸುಪಾಸು. ಅಂಗಿಯ ತುಂಬ ಬಣ್ಣದ ನೂಲಿನ ತುಂಡು. ಕಂಪನಿಯ ಹೆಸರು ಹೇಳಿದ ಕೂಡಲೇ ಅವನ ಕಣ್ಣು ಕಿರಿದಾಯಿತು.

ನಿಶ್ಚಿತಾ ಸುತ್ತುಬಳಸದೆ ಹಿಂದಿಯಲ್ಲಿ ಕೇಳಿಯೇ ಬಿಟ್ಟಳು. “ಆ ಹನ್ನೊಂದು ಹೆಕ್ಟೇರು ಬಿಡಲಿಕ್ಕೆ ನಿಮಗೆ ಯಾರು ಹೇಳಿದ್ದು? ಎಷ್ಟು ಕೊಟ್ಟರು?”

ಮನೋಜ್ ಚಹದ ಲೋಟವನ್ನು ಕಟ್ಟೆಯ ಮೇಲಿಟ್ಟ. ಅವನ ಕಿವಿ ಕೆಂಪಾಗಿತ್ತು.

“ಮೇಡಂ, ನೀವು ಹೆಂಗಸಾದ್ದರಿಂದ ಸುಮ್ಮನಿದ್ದೇನೆ. ಅದು ದೇವರ ಕಾಡು. ನಾವು ಅಲ್ಲಿ ಎಲೆ ಕೀಳುವುದಿಲ್ಲ, ಬಿದ್ದ ಕಟ್ಟಿಗೆ ತರುವುದಿಲ್ಲ. ಮಳೆಗಾಲದ ಹೊಸ ಸೊಪ್ಪನ್ನು ಮೊದಲು ಅಲ್ಲಿಟ್ಟು, ಆಮೇಲೆ ನಾವು ತಿನ್ನುತ್ತೇವೆ. ಒಳಗೆ ಹೋಗುವುದು ವರ್ಷಕ್ಕೊಂದು ದಿನ, ಅದೂ ಪೂಜಾರಿ ಒಬ್ಬನೇ, ಬರಿಗಾಲಲ್ಲಿ.”

“ಮತ್ತೆ ನಮ್ಮದಲ್ಲ ಅಂತ ಯಾಕೆ ಬರೆದಿರಿ?”

“ಮತ್ತೇನು ಬರೆಯಬೇಕಿತ್ತು? ದೇವರದ್ದನ್ನು ನಮ್ಮದು ಅಂತ ಬರೆಯುವುದು ಹೇಗೆ?” ಅಂದ ಮನೋಜ್. “ಅರ್ಜಿಯಲ್ಲಿ ಸುಳ್ಳು ಬರೆದರೆ ತಳ್ಳಿಹಾಕುತ್ತಾರೆ ಅಂತ ನಿಮ್ಮಂಥವರೇ ಹೇಳಿದ್ದು. ನಾವು ನಿಜ ಬರೆದೆವು.”

ಅವಳು ಗುಡಿಸಲುಗಳ ಯೋಜನೆಯನ್ನು ಫೋನಿನಲ್ಲಿ ತೋರಿಸಿ, ಆ ಜಾಗದ ಸುತ್ತಲೂ ಗಡಿ ನಡೆದು ಅರ್ಜಿಗೆ ಸೇರಿಸಿಬಿಡಿ ಅಂದಳು. ಈಜುಕೊಳದ ನೀಲಿಯನ್ನು ಅವನು ಬಹಳ ಹೊತ್ತು ನೋಡಿದ. ಈಗ ಹೌಹಾರಿ ಸಹಾಯ ಕೇಳುತ್ತಾನೆ ಎಂದುಕೊಂಡಿದ್ದಳು ನಿಶ್ಚಿತಾ. ಅವನು ಕೇಳಿದ್ದೇ ಬೇರೆ.

“ಇದು ನಿಮ್ಮ ಕಂಪನಿಯದೇ ನಕ್ಷೆ ಅಲ್ಲವಾ?”

“ಹೌದು. ಆದರೆ…”

“ಹೋದ ಚಳಿಗಾಲ ಬಿಳಿ ಕಾರಿನಲ್ಲಿ ಒಬ್ಬ ಬಂದು, ದೇವರ ಕಾಡು ತೋರಿಸಿ, ಫೋಟೋ ತೆಗೆಯಬೇಕು ಅಂದ. ತೋರಿಸಲಿಲ್ಲ. ಈಗ ನೀವು ಬಂದು ಅದರ ಸುತ್ತ ಗೆರೆ ಎಳೆಸಿಕೊಡಿ ಅನ್ನುತ್ತೀರಿ. ಮೊದಲು ಗೆರೆ ಎಳೆಯುತ್ತೀರಿ, ಆಮೇಲೆ ಬಾಯಿಗೆ ಹಾಕಿಕೊಳ್ಳುತ್ತೀರಿ. ನಿಮ್ಮನ್ನು ನಾನು ಯಾಕೆ ನಂಬಬೇಕು?”

ಒಳಗೆ ಗಂಟೆ ಹೊಡೆಯಿತು. ಅವನು ಲೋಟದಲ್ಲಿ ಉಳಿದ ಚಹವನ್ನು ಚೆಲ್ಲಿ ಯಂತ್ರದ ಕಡೆ ನಡೆದುಬಿಟ್ಟ. ಕಳ್ಳನನ್ನು ಹಿಡಿಯಲು ಹೋದವಳು ತಾನೇ ಕಳ್ಳಿಯಂತೆ ಓಣಿಯಲ್ಲಿ ನಿಂತಳು. ಅವಳಿಗೆ ತುಂಬ ನಾಚಿಕೆಯಾಯಿತು, ಮತ್ತು ಆ ನಾಚಿಕೆಯ ಕೆಳಗೆ ಇನ್ನೂ ಏನೋ ಚುಚ್ಚುತ್ತಿತ್ತು.

ರೈಲು ಭರೂಚಿನ ಸೇತುವೆ ದಾಟುವಾಗ ಅದು ಏನೆಂದು ಹೊಳೆಯಿತು. ‘ದೇವರದ್ದನ್ನು ನಮ್ಮದು ಅಂತ ಬರೆಯುವುದು ಹೇಗೆ?’ ಈ ಮಾತನ್ನು ಅವಳು ಮೊದಲೇ ಕೇಳಿದ್ದಳು. ಕನ್ನಡದಲ್ಲಿ ಕೇಳಿದ್ದಳು. ಜಗಲಿಯಲ್ಲಿ ಅಪ್ಪ ಕೂಗಾಡುತ್ತಿದ್ದಾಗ ಚಿಕ್ಕಪ್ಪ ತಲೆ ತಗ್ಗಿಸಿ ಒಂದೇ ಒಂದು ಸಲ ಆಡಿದ ಮಾತು. ಮನೆಯಲ್ಲಿ ಯಾರೂ ಅದನ್ನು ಕಿವಿಗೆ ಹಾಕಿಕೊಂಡಿರಲಿಲ್ಲ. ಕಳ್ಳನ ಬಾಯಿಂದ ದೇವರ ಹೆಸರು ಬೇರೆ ಎಂದು ಅತ್ತೆಯೊಬ್ಬರು ನಕ್ಕಿದ್ದರು. ಹದಿನೇಳು ವರ್ಷದ ನಿಶ್ಚಿತಾ ಕೂಡ ನಕ್ಕಿದ್ದಳು.

ನಿಲ್ದಾಣದಿಂದ ನೇರ ಹೋಟೆಲಿಗೆ ಹೋದಳು. ಗಿರಾಕಿಗಳಿಲ್ಲದ ನಾಲ್ಕು ಗಂಟೆಯ ಹೊತ್ತು. ಗಣಪತಿ ಮರುದಿನಕ್ಕೆ ಉದ್ದು ಆರಿಸುತ್ತ ಕೂತಿದ್ದ. ಎದುರಿಗೆ ಕೂತು, ಅವಳು ಅವನ ಮುಖ ನೋಡಿ ಕೇಳಿದಳು.

“ಚಿಕ್ಕಪ್ಪ, ನಾಗಬನ ಯಾಕೆ ಯಾರ ಪಾಲಿಗೂ ಬರೆಯಲಿಲ್ಲ?”

ಅವನ ಕೈ ಉದ್ದಿನಲ್ಲೇ ನಿಂತಿತು. “ಈಗ ಎಂತಕೆ ಅದೆಲ್ಲ?”

“ಹೇಳಿ.”

“ಬರೆಯೂಕ್ ಕೂತಿದ್ದೆ ಮಾರಾಯ್ತಿ. ಅಣ್ಣನ ಪಾಲಿಗ್ ಬರೆದ್ರೆ ಅಣ್ಣನ್ದ್ ಆತ್, ನನ್ ಪಾಲಿಗ್ ಬರೆದ್ರೆ ನಂದ್ ಆತ್. ನಾಗನ ಜಾಗ ನಂದ್ ಅಂದೇಳಿ ಹ್ಯಾಂಗ್ ಬರೆಯುದ್? ಕೈ ಬರ್ಲಿಲ್ಲ. ಬಿಟ್ರೆ ಅದ್ ನಾಗನ್ದೇ ಆಯ್ಕಂಡ್ ಇರತ್ತ್ ಅಂದೇಳಿ ಬಿಟ್ಟೆ.” ಅವನು ಒಂದು ಕಲ್ಲನ್ನು ಆರಿಸಿ ಪಕ್ಕಕ್ಕಿಟ್ಟ. “ಕಾಗದದಲ್ಲ್ ಬಿಟ್ರೆ ಯಾರ್ದೂ ಅಲ್ಲ ಅಂತ್ಲೆಕ್ಕ ಅಂದೇಳಿ ನಂಗ್ ಗೊತ್ತಿರ್ಲಿಲ್ಲ.”

“ಇಷ್ಟು ವರ್ಷ ಯಾಕೆ ಹೇಳಲಿಲ್ಲ?”

“ಹೇಳಿದ್ನಲೆ. ನೀವೆಲ್ಲ ನೆಗಾಡ್ದ್ರಿ.”

ನಿಶ್ಚಿತಾ ಅತ್ತಳು. ಹೋಟೆಲಿನ ಬೆಂಚಿನ ಮೇಲೆ, ಮೂಗು ಸೋರುವ ಹಾಗೆ ಅತ್ತಳು. ಗಣಪತಿ ಗಾಬರಿಯಾಗಿ ಅವಳ ಮುಂದೆ ಕಾಫಿ ಇಟ್ಟ.

ಕಣ್ಣೊರೆಸಿಕೊಂಡು ಅವಳು ಮನೋಜ್‌ಗೆ ಫೋನು ಮಾಡಿದಳು. “ನನ್ನನ್ನು ನಂಬಬೇಡಿ. ನಿಮ್ಮದೇ ತಪ್ಪನ್ನು ಮೊದಲೇ ಮಾಡಿದವರೊಬ್ಬರು ಇಲ್ಲಿದ್ದಾರೆ. ಬಂದು ಅವರ ಮಾತು ಕೇಳಿ. ಆಮೇಲೆ ನಿಮ್ಮಿಷ್ಟ.”

ಅವನು ವಿಳಾಸವನ್ನಷ್ಟೇ ಕೇಳಿ ಫೋನಿಟ್ಟ. ಬುಧವಾರ ಹನ್ನೊಂದು ಗಂಟೆಗೆ ಮನೋಜ್ ಹೋಟೆಲಿನ ಬಾಗಿಲಲ್ಲಿ ನಿಂತಿದ್ದ. ಅವನ ಜೊತೆ ಅಪ್ಪನ ಅಕ್ಕ ಇದ್ದಳು. ಅವನು ಅವಳನ್ನು ‘ಫೋಯಿ’ ಎಂದು ಕರೆಯುತ್ತಿದ್ದ. ಊರಿನ ಅರಣ್ಯ ಹಕ್ಕು ಸಮಿತಿಯಲ್ಲಿ ಅವಳೇ ಹಿರಿಯಳು. ಬೆಳಗ್ಗೆ ಐದಕ್ಕೆ ಗುಡ್ಡ ಇಳಿದು ಬಸ್ಸು ಹತ್ತಿದ್ದ ಅವಳು ಕೂತ ಕೂಡಲೇ ಹೋಟೆಲನ್ನು ಮೂಲೆ ಮೂಲೆ ನೋಡಿದಳು: ಗೋಡೆಯ ದೇವರ ಪಟ, ಗಲ್ಲಾ, ಗಣಪತಿಯ ಕೈ. ಇದೆಲ್ಲ ನಾಟಕದ ಸೆಟ್ಟು ಅಲ್ಲವಲ್ಲ ಎಂದು ಪರೀಕ್ಷೆ ಮಾಡುತ್ತಿದ್ದಾಳೆ ಎನ್ನುವುದು ನಿಶ್ಚಿತಾಳಿಗೆ ಕೂಡಲೇ ತಿಳಿಯಿತು. ಒಬ್ಬ ಅನುಮಾನದವಳಿಗೆ ಇನ್ನೊಬ್ಬಳು ಗೊತ್ತಾಗದೆ ಇರುತ್ತಾಳೆಯೇ? ಮುಂದಿಟ್ಟ ಕಾಫಿಯನ್ನು ಫೋಯಿ ಮುಟ್ಟಲಿಲ್ಲ.

ಗಣಪತಿಗೆ ಭಾಷಣ ಬರುವುದಿಲ್ಲ. ಇಪ್ಪತ್ತು ವರ್ಷದ ಹೋಟೆಲಿನ ಗುಜರಾತಿಯಲ್ಲಿ, ಇಡ್ಲಿಯ ಹದ ಹೇಳುವಷ್ಟೇ ಸಣ್ಣ ದನಿಯಲ್ಲಿ, ಬರೆಯದೆ ಬಿಟ್ಟದ್ದನ್ನೂ ಆಮೇಲೆ ಆದದ್ದನ್ನೂ ಹೇಳಿದ.

ಫೋಯಿ ಕೇಳಿದಳು, “ಈಗ ಅಲ್ಲಿ ಏನಿದೆ ಭಾಯಿ?”

“ಕಲ್ಯಾಣ ಮಂಟಪದವರ ಕಾರು ನಿಲ್ಲಿಸುವ ಜಾಗ. ನಾಗನ ಕಲ್ಲುಗಳನ್ನು ಕಿತ್ತು ಜನರೇಟರಿನ ಪಕ್ಕ ಇಟ್ಟಿದ್ದಾರೆ. ಹಾಲೆರೆಯಬೇಕಾದರೆ ವಾಚ್‌ಮನ್‌ನ ಒಪ್ಪಿಗೆ ಬೇಕು.”

“ನಿಮ್ಮ ದೇವರಿಗೆ ಸಿಟ್ಟು ಬರಲಿಲ್ಲವಾ?”

ಗಣಪತಿ ತಲೆಯಲ್ಲಾಡಿಸಿದ. “ಬಂದಿದ್ದರೆ ಚೆನ್ನಾಗಿತ್ತು, ಬೆನ್. ನಾನು ಕಾದೆ. ಯಾರಿಗೂ ಏನೂ ಆಗಲಿಲ್ಲ. ಕೊಂಡವನು ಸುಖವಾಗಿದ್ದಾನೆ. ಅವನ ಕಾಗದದಲ್ಲಿ ಅಲ್ಲಿ ದೇವರು ಇರಲೇ ಇಲ್ಲ.”

ಬಂದಾಗಿನಿಂದ ಗಂಟಿಕ್ಕಿದ್ದ ಹುಬ್ಬನ್ನು ಮನೋಜ್ ಆಗ ಸಡಿಲಿಸಿದ. ಫೋಯಿ ಮಾತ್ರ ಸುಲಭಕ್ಕೆ ಜಗ್ಗುವವಳಲ್ಲ. ನಿಶ್ಚಿತಾಳ ಕಡೆ ತಿರುಗಿ ಕೇಳಿದಳು, “ನಮ್ಮದು ಅಂತ ನಾನು ಬರೆಯುವುದಿಲ್ಲ. ಸತ್ತರೂ ಬರೆಯುವುದಿಲ್ಲ. ಬೇರೆ ಏನು ಬರೆಯಬಹುದು ಹೇಳು.”

ನಿಶ್ಚಿತಾ ಅರ್ಜಿಯ ನಮೂನೆಯನ್ನು ಮೇಜಿನ ಮೇಲೆ ಬಿಡಿಸಿದಳು. ಕಾನೂನಿನಲ್ಲಿ ಆ ಮಾತು ಇದ್ದೇ ಇತ್ತು, ಅವಳು ನೂರು ಸಲ ಓದಿದ್ದಳು, ಒಮ್ಮೆಯೂ ಕಂಡಿರಲಿಲ್ಲ. “ಒಡೆತನ ಕೇಳಬೇಕಾಗಿಲ್ಲ ಫೋಯಿ. ಕಾಪಾಡುವ ಹಕ್ಕು ಅಂತ ಬೇರೆಯೇ ಇದೆ. ‘ಇದು ದೇವರದು, ಕಾಯುವವರು ನಾವು’ ಅಂತ ಬರೆಯಬಹುದು. ಊರಿನ ಸಭೆ ಠರಾವು ಮಾಡಬೇಕು. ಯಾರಾದರೂ ಅದರ ಸುತ್ತ ನಡೆದು ಗಡಿ ಕೊಡಬೇಕು. ಒಳಗೆ ಹೋಗುವುದು ಬೇಡ, ಫೋಟೋ ಬೇಡ, ದೇವರ ಹೆಸರೂ ಬೇಡ. ಶುಕ್ರವಾರ ಮಧ್ಯಾಹ್ನದೊಳಗೆ ಬಂದರೆ ನಾನು ಸೇರಿಸುತ್ತೇನೆ.”

“ಕಾಯುವವರು,” ಎಂದು ಫೋಯಿ ತನ್ನಷ್ಟಕ್ಕೆ ಹೇಳಿ ನೋಡಿಕೊಂಡಳು. “ಅದು ಸುಳ್ಳಲ್ಲ.”

ಆಮೇಲೆ ಅವಳು ಆರಿ ತಣ್ಣಗಾಗಿದ್ದ ಕಾಫಿಯನ್ನು ಎತ್ತಿ ಒಂದೇ ಗುಟುಕಿಗೆ ಕುಡಿದಳು. ಬಿಸಿ ಮಾಡಿಕೊಡುತ್ತೇನೆ ಎಂದು ಗಣಪತಿ ಎದ್ದರೆ ಬೇಡವೆಂದು ಕೈ ಮಾಡಿದಳು. ಹೊರಡುವಾಗ ಬಾಗಿಲಲ್ಲಿ ನಿಂತು ಅವನನ್ನು ಕೇಳಿದಳು, “ನಿಮ್ಮ ದೇವರಿಗೆ ಏನು ಇಷ್ಟ?”

“ಹಾಲು, ಅರಸಿನ,” ಅಂದ ಗಣಪತಿ. “ತಂಪು. ನೆರಳು.”

ಗುರುವಾರ ಸುದ್ದಿಯಿಲ್ಲ. ಫೋನು ಹತ್ತಲಿಲ್ಲ, ಆ ಗುಡ್ಡದಲ್ಲಿ ಸಿಗ್ನಲ್ ಸಿಗುವುದೇ ಒಂದು ಬಂಡೆಯ ಮೇಲೆ ಎಂದು ಗೊತ್ತಿದ್ದರೂ ನಿಶ್ಚಿತಾಳ ಮನಸ್ಸು ಹಳೆಯ ಚಾಳಿ ಬಿಡಲಿಲ್ಲ. ಸಭೆಯಲ್ಲಿ ಜಗಳವಾಯಿತೇ? ಬಿಳಿ ಕಾರಿನವನು ಮತ್ತೆ ಬಂದನೇ? ಮನೋಜ್ ಮನಸ್ಸು ಬದಲಿಸಿದನೇ? ಶುಕ್ರವಾರ ಹನ್ನೆರಡಾದಾಗ ಸುಧೀರ್ ವರದಿ ಎಲ್ಲಿ ಎಂದು ಎರಡನೇ ಸಲ ಕೇಳಿದ. ಒಂದು ಗಂಟೆ ಹತ್ತು ನಿಮಿಷಕ್ಕೆ ಬಂತು: ಐವತ್ತೆರಡು ಸಹಿ ಮತ್ತು ಹೆಬ್ಬೆಟ್ಟುಗಳ ಠರಾವು, ಜೊತೆಗೆ ಮೊಟ್ಟೆಯ ಸುತ್ತ ನಡೆದ ಗೆರೆ.

ಗೆರೆ ಸರಿಯಾಗಿತ್ತು. ಬರಿಗಾಲಿನವರ ನಡಿಗೆ, ನಿಧಾನ. ಆದರೆ ಈಶಾನ್ಯದ ತುದಿಯಲ್ಲಿ ಒಂದೇ ಕಡೆ ಹತ್ತೊಂಬತ್ತು ನಿಮಿಷ ನಿಂತಿತ್ತು. ಗಡಿ ನಡೆಯುವವರು ಹತ್ತೊಂಬತ್ತು ನಿಮಿಷ ಯಾಕೆ ನಿಲ್ಲುತ್ತಾರೆ? ಏನನ್ನು ಸರಿಸಿದರು, ಏನನ್ನು ಮುಚ್ಚಿದರು? ಗೆರೆ ಅವರದು, ಬಿಟ್ಟುಬಿಡು ಎಂದು ತನಗೆ ತಾನೇ ಹೇಳಿಕೊಂಡಳು, ಬಿಡಲಾಗಲಿಲ್ಲ. ಆದರೆ ಈ ಸಲ ವರದಿಯನ್ನು ಮೊದಲು ಕಳಿಸಿ, ಆಮೇಲೆ ಮನೋಜ್‌ಗೆ ಫೋನು ಮಾಡೋಣ ಎಂದು ನಿರ್ಧರಿಸಿದಳು. ಅವಳ ಮಟ್ಟಿಗೆ ಅದು ಸಣ್ಣ ಸಂಗತಿಯಲ್ಲ.

ವರದಿ ಹೋದ ಕಾಲುಗಂಟೆಗೆ ಸುಧೀರನ ಫೋನು.

“ಯಾರ ಹೇಳ್ಯಾರ್ರೀ ನಿಮಗ ಇದನ್ನ ಸೇರಸಂತ?”

“ಊರಿನ ಸಭೆ ಸರ್. ಠರಾವು ಲಗತ್ತಿಸಿದ್ದೇನೆ. ಪ್ರಾಂತ ಕಚೇರಿಗೂ ಒಂದು ಪ್ರತಿ ಹೋಗಿದೆ, ಸ್ವೀಕೃತಿ ಬಂದಿದೆ.”

ಸುಧೀರ್ ಉಸಿರು ಬಿಟ್ಟದ್ದು ಕೇಳಿಸಿತು. “ಸೋಮವಾರ ಬೋಡಕ್‌ದೇವ್‌ಗೆ ಬರ್ರಿ. ಮಾತಾಡೋದೈತಿ,” ಎಂದು ಫೋನಿಟ್ಟ. ಅವನೂ ಆ ಹೋಟೆಲ್ ಕಂಪನಿಯವರ ಕಡೆಯವನೋ, ಇಲ್ಲ ಬರೇ ತೊಂದರೆ ಬೇಡದ ಮನುಷ್ಯನೋ, ಅದು ಅವಳಿಗೆ ಕೊನೆಗೂ ತಿಳಿಯಲಿಲ್ಲ. ನೌಕರಿ ಹೋದರೂ ಹೋದೀತು. ನಾಳೆ ಪ್ರಾಂತ ಅಧಿಕಾರಿ ಏನನ್ನುತ್ತಾರೋ ಅದೂ ಗೊತ್ತಿಲ್ಲ. ಆದರೆ ಆ ಹನ್ನೊಂದು ಹೆಕ್ಟೇರಿನ ಮೇಲೆ ‘ಯಾರೂ ಇಲ್ಲ’ ಎಂದು ಇನ್ನು ಯಾರೂ ಬರೆಯುವ ಹಾಗಿರಲಿಲ್ಲ.

ಮನೋಜ್ ಬಂಡೆಯ ಮೇಲೇ ಇದ್ದನೆಂದು ಕಾಣುತ್ತದೆ, ಮೊದಲ ರಿಂಗಿಗೇ ಸಿಕ್ಕಿದ.

“ಈಶಾನ್ಯದಲ್ಲಿ ಯಾಕೆ ಅಷ್ಟು ಹೊತ್ತು ನಿಂತಿರಿ?”

ಅವನು ಗಟ್ಟಿಯಾಗಿ ನಕ್ಕ. “ನೀವು ಕೇಳಿಯೇ ಕೇಳುತ್ತೀರಿ ಅಂತ ಫೋಯಿ ಹೇಳಿದ್ದಳು. ನಿನ್ನನ್ನು ಕಾಗದಕ್ಕೆ ಹಾಕುತ್ತಿದ್ದೇವೆ, ತಪ್ಪಾದರೆ ನನ್ನನ್ನು ಹಿಡಿ, ಊರನ್ನು ಬಿಡು ಅಂತ ಅವಳು ದೇವರ ಹತ್ತಿರ ಕೇಳಿಕೊಂಡಳು. ಆಮೇಲೆ ಹಳ್ಳದಿಂದ ಒಂದು ಕಲ್ಲು ತಂದು, ಗಡಿಯ ಹೊರಗಿನ ಆಲದ ಬುಡದಲ್ಲಿ ಇಟ್ಟಳು. ಹಾಲು ಎರೆದಳು, ಅರಸಿನ ಹಚ್ಚಿದಳು. ಅದಕ್ಕೇ ತಡವಾಯಿತು.”

“ಯಾವ ದೇವರಿಗೆ?”

“ನಿಮ್ಮ ಚಿಕ್ಕಪ್ಪನ ದೇವರಿಗೆ,” ಅಂದ ಮನೋಜ್. “ಜಾಗ ಹೋದ ದೇವರು ಎಲ್ಲಿರಬೇಕು, ಬರಲಿ, ಇಲ್ಲಿ ನೆರಳಿದೆ ಅಂದಳು. ಅದನ್ನೂ ಇನ್ನು ನಾವೇ ಕಾಯುತ್ತೇವೆ.”

ನಿಶ್ಚಿತಾ ಆ ಕಲ್ಲನ್ನು ನಕ್ಷೆಯಲ್ಲಿ ಗುರುತಿಸಲಿಲ್ಲ. ಕಂಪ್ಯೂಟರು ಮುಚ್ಚಿ, ಬಿಸಿಲಲ್ಲಿ ಹೋಟೆಲಿಗೆ ನಡೆದಳು. ಗಣಪತಿ ಗಲ್ಲಾದ ಹಿಂದೆ ನಿಂತೇ ಎಲ್ಲವನ್ನೂ ಕೇಳಿದ. ಗಿರಾಕಿಯೊಬ್ಬ ಸಾಂಬಾರಿಗೆ ಕೂಗುತ್ತಿದ್ದ, ಅವನಿಗೆ ಕೇಳಿಸಲಿಲ್ಲ.

“ಅಣ್ಣನಿಗ್ ಹೇಳಿದ್ಯಾ?” ಎಂದು ಕೊನೆಗೆ ಕೇಳಿದ.

“ಇಲ್ಲ. ನೀವೇ ಹೇಳಿ.”

ಅವಳು ಅಪ್ಪನ ನಂಬರು ಒತ್ತಿ ಫೋನನ್ನು ಅವನ ಕೈಗೆ ಕೊಟ್ಟಳು. ಆ ಕಡೆ ಎತ್ತಿದವರು ಮಗಳೆಂದುಕೊಂಡು, ಊಟ ಆಯ್ತಾ ಎಂದು ಕೇಳಿದರು. ಗಣಪತಿ ಇನ್ನೊಂದು ಕೈಯಿಂದ ಗಲ್ಲಾವನ್ನು ಗಟ್ಟಿಯಾಗಿ ಹಿಡಿದುಕೊಂಡ.

“ಅಣ್ಣ, ನಾನ್ ಗಣಪತಿ,” ಅಂದ. “ಫೋನ್ ಇಡ್ಬೇಡ. ನಮ್ ನಾಗನಿಗ್ ಜಾಗ ಸಿಕ್ತ್.”